ಕುರಿ ಲಾರಿ, ಘಟ್ಟದ ಹಳ್ಳ ಮತ್ತು 1898ರ ಕಾಯ್ದೆ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾಚಕರ ಅಂಕಣದಲ್ಲಿ ಈಚೆಗೆ ಒಬ್ಬರು ಚರ್ಮಗಂಟು ರೋಗ, ಕಾಲುಬಾಯಿ ಜ್ವರದ ಬಗ್ಗೆ ಬೇಸರದಿಂದ ಬರೆದಿದ್ದರು. ಬ್ರಿಟಿಷರ ಕಾಲದಲ್ಲಿ ಹಡಗಿನಿಂದ ಒಂದು ಕುರಿ ಇಳಿಸಬೇಕಾದರೂ ಡಾಕ್ಟರು ನೋಡಿಯೇ ಬಿಡಬೇಕಿತ್ತು, ಈಗ ಕೇಳುವವರೇ ಇಲ್ಲ ಅನ್ನುವುದು ಅವರ ವಾದ. ಅವರ ಬೇಸರ ನನಗೂ ಇದೆ. ನಾನೂ ಅಂಕೋಲಾ ತಾಲ್ಲೂಕಿನಲ್ಲಿ ನಾಲ್ಕು ದನ ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವನೇ. ಆದರೆ ಆ ಮಾತಿನಲ್ಲಿ ಅರ್ಧ ಮಾತ್ರ ಒಪ್ಪುತ್ತೇನೆ. ಬಂದರಿನಲ್ಲಿ ಕಟ್ಟುನಿಟ್ಟು ಇತ್ತು, ನಿಜ. ಅದು ಯಾರ ಪ್ರಾಣಿಗಾಗಿ ಇತ್ತು, ನಮ್ಮ ಕೊಟ್ಟಿಗೆಯ ತನಕ ಯಾಕೆ ಬರಲಿಲ್ಲ ಅನ್ನುವುದನ್ನೂ ಸ್ವಲ್ಪ ನೋಡಬೇಕಲ್ವಾ? ಪತ್ರ ಉದ್ದವಾಗಿದೆ, ಕತ್ತರಿ ಹಾಕುವುದಾದರೆ ಕೊನೆಯ ಭಾಗಕ್ಕೆ ಮಾತ್ರ ಹಾಕಬೇಡಿ.

ಕುರಿಯಿಂದಲೇ ಶುರು ಮಾಡುತ್ತೇನೆ. ಆಸ್ಟ್ರೇಲಿಯಾ ಅಂದರೆ ನಮಗೆ ಕ್ರಿಕೆಟ್ ಬಿಟ್ಟರೆ ಉಣ್ಣೆ ನೆನಪಾಗುತ್ತದೆ, ಆದರೆ ಆ ನೆಲದಲ್ಲಿ ಮೊದಲು ಕುರಿ ಅನ್ನುವ ಪ್ರಾಣಿಯೇ ಇರಲಿಲ್ಲ. 1787ರಲ್ಲಿ ಕೈದಿಗಳನ್ನು ತುಂಬಿಕೊಂಡು ಹೊರಟ ಬ್ರಿಟಿಷ್ ಹಡಗುಗಳು ದಾರಿಯಲ್ಲಿ ಆಫ್ರಿಕಾದ ಕೇಪ್ ಬಂದರಿನಲ್ಲಿ ಒಂದಿಷ್ಟು ಕುರಿ ಹತ್ತಿಸಿಕೊಂಡವು. 1790ರ ದಶಕದಲ್ಲಿ ನಮ್ಮ ಕಲ್ಕತ್ತೆಯಿಂದಲೂ ಹೋದವು, ಬಂಗಾಳದ ಸಣ್ಣ ಜಾತಿಯವು, ಮೈಮೇಲೆ ಉಣ್ಣೆಗಿಂತ ಕೂದಲೇ ಜಾಸ್ತಿ. 1797ರಲ್ಲಿ ಮತ್ತೆ ಕೇಪ್ ಕಡೆಯಿಂದಲೇ ನಯವಾದ ಉಣ್ಣೆಯ ಮೆರಿನೊ ತಳಿ ಬಂತು. ಅಲ್ಲಿಂದ ಆ ದೇಶದ ಹಣೆಬರಹವೇ ಬದಲಾಯಿತು. ಒಂದೆರಡು ತಲೆಮಾರಿನಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್ ಗಿರಣಿಗಳು ಆಸ್ಟ್ರೇಲಿಯಾದ ಉಣ್ಣೆಯ ಮೇಲೆ ನಿಂತವು. (ಆ ಹುಲ್ಲುಗಾವಲುಗಳಲ್ಲಿ ಸಾವಿರಾರು ವರ್ಷದಿಂದ ಇದ್ದ ಜನರನ್ನು ಓಡಿಸಿಯೇ ಅಲ್ಲಿ ಕುರಿ ಬಿಟ್ಟಿದ್ದು. ಅದನ್ನು ಮರೆತು ಆ ಕಾಲವನ್ನು ಹೊಗಳುವುದು ನನ್ನಿಂದಾಗದು.)

ಹಡಗಿನಲ್ಲಿ ಬಂದ ಕುರಿ ಒಂದೇ ಬರುವುದಿಲ್ಲ, ಮೈಮೇಲೆ ಏನೋ ಹೊತ್ತುಕೊಂಡೇ ಬರುತ್ತದೆ. ಅಲ್ಲಿ ಬಂದಿದ್ದು ಕಜ್ಜಿ. ನಮ್ಮ ಬೀದಿನಾಯಿಗೆ ಹತ್ತುವ ಕಜ್ಜಿಯಂಥದಲ್ಲ ಇದು. ಒಂದು ಮಿಲಿಮೀಟರ್ ಕೂಡ ಇಲ್ಲದ ಒಂದು ಜಾತಿಯ ನುಸಿ, ಚರ್ಮದ ಮೇಲೆಯೇ ಕೂತು ಕೆರಳಿಸುತ್ತದೆ. ಅಲ್ಲಿ ನೀರು ಒಸರಿ, ಒಣಗಿ, ಹಳದಿ ಹಕ್ಕಳೆ ಕಟ್ಟುತ್ತದೆ. ಕುರಿ ಸುಮ್ಮನೆ ನಿಲ್ಲುವುದಿಲ್ಲ. ಬೇಲಿ ಕಂಬಕ್ಕೆ ಮೈ ಉಜ್ಜುತ್ತದೆ, ತನ್ನ ಪಕ್ಕೆಯನ್ನು ತಾನೇ ಕಚ್ಚಿ ಎಳೆಯುತ್ತದೆ, ಮೇವು ಬಿಡುತ್ತದೆ. ಉಣ್ಣೆ ಹಿಡಿ ಹಿಡಿಯಾಗಿ ಉದುರಿ ಕೊನೆಗೆ ಬರೀ ಮೈ ಉಳಿಯುತ್ತದೆ. ತಮಾಷೆ ಏನೆಂದರೆ, ಕಂಬಕ್ಕೆ ಅಂಟಿದ ಆ ಉಣ್ಣೆಯ ಎಳೆಗಳಲ್ಲಿ ನುಸಿ ಎರಡು ವಾರದ ತನಕ ಬದುಕಿರುತ್ತದೆ. ರೋಗದ ಹಿಂಡು ಹೋಗಿ ವಾರವಾದ ಮೇಲೆ ಬಂದ ಗಟ್ಟಿ ಹಿಂಡು ಅದೇ ಕಂಬಕ್ಕೆ ಮೈ ತಿಕ್ಕಿದರೆ ಸಾಕು. ಹೀಗಿರುವಾಗ ತಿಂಗಳುಗಟ್ಟಲೆ ಹಡಗಿನ ಡೆಕ್ಕಿನ ಮೇಲೆ, ಮೈಗೆ ಮೈ ತಾಗಿಸಿ ನಿಲ್ಲಿಸಿದ ಹಿಂಡಿನಲ್ಲಿ ಒಂದಕ್ಕೆ ಇದ್ದರೂ ಇಳಿಯುವ ಹೊತ್ತಿಗೆ ಎಲ್ಲಕ್ಕೂ ಹರಡಿರುತ್ತಿತ್ತು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಸಾಹತಿನಲ್ಲಿ 1832ರಲ್ಲೇ ಇದಕ್ಕೊಂದು ಕಾಯ್ದೆ ಬಂತು. ಔಷಧಿ ಸ್ನಾನವೂ ಬಂತು. ಹೊಗೆಸೊಪ್ಪು ಕುದಿಸಿದ ನೀರು, ಅದಕ್ಕೆ ಗಂಧಕ, ಕೆಲವು ಕಡೆ ಸುಣ್ಣ ಮತ್ತು ಗಂಧಕ. ಉದ್ದನೆಯ ತೊಟ್ಟಿ ಕಟ್ಟಿ ಒಂದು ತುದಿಯಲ್ಲಿ ಕುರಿಯನ್ನು ತಳ್ಳುವುದು, ಅದು ಈಜಿಕೊಂಡು ಇನ್ನೊಂದು ತುದಿಗೆ ಬರುವಾಗ ಮೇಲೆ ನಿಂತವನು ಕವಲುಕೋಲಿನಿಂದ ಕುತ್ತಿಗೆ ಒತ್ತಿ ತಲೆಯನ್ನೂ ಒಮ್ಮೆ ಮುಳುಗಿಸುವುದು. ಕಿವಿಯೊಳಗೆ ನುಸಿ ಉಳಿದರೆ ಮಾಡಿದ್ದೆಲ್ಲ ದಂಡ. ಇಂಗ್ಲೆಂಡಿನ ವಿಲಿಯಂ ಕೂಪರ್ ಎಂಬ ಪಶುವೈದ್ಯ 1852ರಲ್ಲಿ ಪಾಷಾಣ ಮತ್ತು ಗಂಧಕದ ಪುಡಿ ತಯಾರಿಸಿದ ಮೇಲೆ ಅದೇ ಪುಡಿ ಎಲ್ಲ ಕಡೆ ಹೋಯಿತು. ಆದರೆ ಒಂದು ಸಲ ಮುಳುಗಿಸಿದರೆ ಸಾಲದು. ಔಷಧಿ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಹತ್ತು ಹದಿನಾಲ್ಕು ದಿನದೊಳಗೆ ಮೊಟ್ಟೆ ಒಡೆದು ಬಂದವನ್ನು ಹಿಡಿಯಲು ಎರಡನೇ ಸಲ ಮುಳುಗಿಸಲೇಬೇಕು. ಎರಡನೇ ಸಲ ತಪ್ಪಿಸಿದವನ ಹಿಂಡಿನಿಂದ ಮತ್ತೆ ಊರಿಗೆಲ್ಲ ಹರಡುತ್ತಿತ್ತು. ನಮ್ಮಲ್ಲಿ ಕಾಲುಬಾಯಿ ಲಸಿಕೆಯ ಎರಡನೇ ಸುತ್ತಿಗೆ ದನ ಬೆಟ್ಟಕ್ಕೆ ಹೋಗಿದೆ ಅನ್ನುವವರು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಇದ್ದರೂ ಕಜ್ಜಿ ಹೋಗಲಿಲ್ಲ. ಕಾಯ್ದೆ ಇತ್ತು, ದಂಡ ಇತ್ತು, ತೊಟ್ಟಿ ಇತ್ತು. ರೋಗ ಬಂದವನು ಹೇಳುತ್ತಿರಲಿಲ್ಲ, ಅಷ್ಟೇ. ಹೇಳಿದರೆ ಹಿಂಡು ಹೊರಗೆ ಬಿಡುವಂತಿಲ್ಲ, ಮಾರುವಂತಿಲ್ಲ, ಉಣ್ಣೆಗೆ ಬೆಲೆ ಇಲ್ಲ. ಆದ್ದರಿಂದ ರಾತ್ರಿ ಹೊತ್ತು ಹಿಂಡು ಹೊಡೆದುಕೊಂಡು ಪಕ್ಕದ ಜಿಲ್ಲೆಗೆ ಹೋಗಿ ಬೆಳಗಾಗುವುದರೊಳಗೆ ಮಾರಿಬಿಟ್ಟರೆ ಮುಗಿಯಿತು. 1860ರ ದಶಕದಲ್ಲಿ ಅಲೆಕ್ಸಾಂಡರ್ ಬ್ರೂಸ್ ಎಂಬವರು ಅಲ್ಲಿಯ ಮುಖ್ಯ ಕುರಿ ಇನ್ಸ್‌ಪೆಕ್ಟರ್ ಆದ ಮೇಲೆ ಲೆಕ್ಕ ಬದಲಾಯಿತು. ಎಲ್ಲ ಕುರಿ ಮಾಲೀಕರಿಂದ ತಲೆಗೆ ಇಷ್ಟು ಎಂದು ಪಟ್ಟಿ ಎತ್ತಿ ಒಂದು ನಿಧಿ ಮಾಡಿದರು. ರೋಗ ಕಂಡ ಹಿಂಡನ್ನು ಪೂರ್ತಿ ಕೊಂದು, ಆ ನಿಧಿಯಿಂದ ಮಾಲೀಕನಿಗೆ ಪರಿಹಾರ ಕೊಟ್ಟರು. ಕೆಲವೇ ವರ್ಷದಲ್ಲಿ ಆ ವಸಾಹತು ಕಜ್ಜಿಯಿಂದ ಪಾರಾಯಿತು. ಉಳಿದವು ಒಂದೊಂದಾಗಿ ಪಾರಾದವು, ಕೊನೆಗೆ 1896ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ. ಇವತ್ತಿಗೂ ಆ ದೇಶದಲ್ಲಿ ಕುರಿ ಕಜ್ಜಿ ಇಲ್ಲ. ಹೊಗೆಸೊಪ್ಪಿನ ನೀರಿಗೆ ಎಷ್ಟು ಪಾಲು, ಪರಿಹಾರದ ಹಣಕ್ಕೆ ಎಷ್ಟು ಪಾಲು ಎಂದು ಯಾರಾದರೂ ಕೇಳಿದರೆ, ಹಣಕ್ಕೇ ಜಾಸ್ತಿ ಎಂದು ನಾನು ಹೇಳುತ್ತೇನೆ.

ಇದೇ ಸಾಮ್ರಾಜ್ಯ ನಮ್ಮಲ್ಲಿ ಏನು ಮಾಡಿತು?

ಕುರಿ ತರಿಸಿ ನೋಡಿದರು. 1830ರ ದಶಕದಲ್ಲಿ ಬೊಂಬಾಯಿ ಸರ್ಕಾರ ದಖನ್ನಿನ ಕಡೆ ಕುರಿ ಫಾರ್ಮ್ ಮಾಡಿ ಹೊರಗಿನ ಟಗರು ಬಿಟ್ಟು ನಮ್ಮ ಕರಿ ಕುರಿಯ ಉಣ್ಣೆ ಸುಧಾರಿಸಲು ಹೊರಟಿತು. ಮೈಸೂರಿನಲ್ಲಿ ಬ್ರಿಟಿಷ್ ಕಮಿಷನರ್ ಕಬ್ಬನ್ ಸಾಹೇಬರ ಕಾಲದಲ್ಲಿ ಕುಣಿಗಲ್ ಹತ್ತಿರ ಮೆರಿನೊ ಪ್ರಯೋಗ ನಡೆಯಿತು. ಎರಡೂ ಬಹಳ ದಿನ ಬಾಳಲಿಲ್ಲ. ನಮ್ಮ ಕರಾವಳಿಗಂತೂ ಅಂಥ ಆಸೆಯೇ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೊರಸಿನ ಸಂದಿಯಲ್ಲಿ ಕೆಸರು ಆರದ ಜಾಗದಲ್ಲಿ ಕುರಿ ಕುಂಟುತ್ತದೆ, ಹೊಟ್ಟೆಯಲ್ಲಿ ಜಂತು ತುಂಬುತ್ತದೆ. ಘಟ್ಟದ ಮೇಲೆ ಮುಂಡಗೋಡ, ಬನವಾಸಿ ಕಡೆ ಭತ್ತ ಕೊಯ್ದ ಗದ್ದೆಗೆ ಹಾವೇರಿ ಕಡೆಯ ಕುರುಬರು ಹಿಂಡು ತಂದು ಗೊಬ್ಬರಕ್ಕೆ ಕೂರಿಸುತ್ತಾರೆ, ಮಳೆ ಬೀಳುವ ಮುಂಚೆ ಬಯಲಿಗೆ ಹೊರಟುಬಿಡುತ್ತಾರೆ. ಅವರಿಗೆ ಯಾವ ಇಲಾಖೆಯೂ ಹೇಳಿಕೊಡಬೇಕಾಗಿಲ್ಲ.

ಹಡಗಿನ ಪ್ರಾಣಿಗಳ ಬಗ್ಗೆ ನಮ್ಮ ಕರಾವಳಿಗೆ ಹಳೆಯ ಅನುಭವವೇ ಇದೆ. ವಿಜಯನಗರದ ಕಾಲದಲ್ಲಿ ಅರಬ್ ದೇಶದ ಕುದುರೆಗಳು ಭಟ್ಕಳ, ಹೊನ್ನಾವರದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಒಂದು ವಿಷಯ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹ ಕುದುರೆಗಳನ್ನು ಸತ್ತದ್ದಾದರೂ ಬದುಕಿದ್ದಾದರೂ ಸಾವಿರ ಪರ್ದಾವ್‌ಗೆ (ಆ ಕಾಲದ ಚಿನ್ನದ ನಾಣ್ಯ) ಮೂರರಂತೆ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತದ್ದಕ್ಕೆ ಬಾಲ ಮಾತ್ರ ತಂದು ತೋರಿಸಿದರೆ ಪೂರ್ತಿ ಬೆಲೆ ಕೊಡುತ್ತಿದ್ದನಂತೆ. ಎಷ್ಟು ಜನ ಸುಳ್ಳು ಬಾಲ ತೋರಿಸಿ ದುಡ್ಡು ಹೊಡೆದರೋ, ದೇವರೇ ಬಲ್ಲ! ಆದರೂ ರಾಜನ ಲೆಕ್ಕ ಸರಿ ಇತ್ತು. ಅವನಿಗೆ ಕುದುರೆ ಬೇಕಿತ್ತು, ಆದ್ದರಿಂದ ನಷ್ಟ ತಾನು ಹೊತ್ತ.   

ಈಗ ಕಾಯ್ದೆಗೆ ಬರೋಣ. ಆ ಓದುಗರು ಹೇಳಿದ ಕಟ್ಟುನಿಟ್ಟು 1898ರ ಜಾನುವಾರು ಆಮದು ಕಾಯ್ದೆಯದು. ಆ ವರ್ಷದ ಒಂಬತ್ತನೇ ಕಾಯ್ದೆ. ಚಿಕ್ಕದು, ಒಂದೆರಡು ಪುಟದಲ್ಲಿ ಮುಗಿಯುತ್ತದೆ. ಬ್ರಿಟಿಷ್ ಸೈನ್ಯಕ್ಕೆ ಆಸ್ಟ್ರೇಲಿಯಾದಿಂದ ವೇಲರ್ ಕುದುರೆಗಳು ಹಡಗು ಹಡಗಾಗಿ ಮದ್ರಾಸ್, ಕಲ್ಕತ್ತೆ, ಬೊಂಬಾಯಿಗೆ ಬರುತ್ತಿದ್ದ ಕಾಲ ಅದು. ಮರುವರ್ಷವೇ, 1899ರಲ್ಲಿ, ಕುದುರೆಗೆ ಬರುವ ಗ್ಲ್ಯಾಂಡರ್ಸ್ ರೋಗಕ್ಕೆ ಪ್ರತ್ಯೇಕ ಕಾಯ್ದೆ ಮಾಡಿದರು ಅಂದರೆ ಯಾರ ಚಿಂತೆ ಎಲ್ಲಿತ್ತು ಅಂತ ಗೊತ್ತಾಗುತ್ತದೆ. ಆದರೂ 1898ರ ಕಾಯ್ದೆ ಬರೆದವನು ತಲೆ ಇದ್ದವನು ಅನ್ನಲೇಬೇಕು. ಹೊರಗಿನಿಂದ ಬಂದ ಕುದುರೆ, ದನ, ಒಂಟೆ, ಕುರಿಯನ್ನು ತಡೆದು ನಿಲ್ಲಿಸಬಹುದು, ಪರೀಕ್ಷೆ ಮಾಡಬಹುದು, ಬೇಕಾದರೆ ಕೊಲ್ಲಬಹುದು. ಅಷ್ಟೇ ಅಲ್ಲ, ಅವುಗಳ ಜೊತೆ ಬಂದ ಮೇವು, ಸಗಣಿ, ಕೊಟ್ಟಿಗೆಯ ಕಸ, ಹೊದಿಕೆ, ಜೀನು, ಇವನ್ನೂ ಶುದ್ಧ ಮಾಡಬಹುದು ಇಲ್ಲವೇ ನಾಶ ಮಾಡಬಹುದು ಎಂದು ಹೆಸರು ಹಿಡಿದು ಬರೆದಿದ್ದಾರೆ. ಸಗಣಿ ಎಂಬ ಪದ ಕಾಯ್ದೆಯಲ್ಲಿದೆ! ಪ್ರಾಣಿಯನ್ನು ನಿಲ್ಲಿಸಿ ಅದರ ಸಗಣಿಯನ್ನು ಒಳಗೆ ಬಿಟ್ಟರೆ ಏನೂ ಮಾಡಿದ ಹಾಗಾಗಲಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು.

ಆದರೆ ಈ ಕಾಯ್ದೆ ಸಮುದ್ರದ ಕಡೆಗೆ ಮುಖ ಮಾಡಿ ನಿಂತಿತ್ತು. ಅದೇ ಹೊತ್ತಿಗೆ ಊರೊಳಗೆ ದೊಡ್ಡರೋಗ (ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್) ದನಗಳನ್ನು ಗುಡಿಸಿ ಹಾಕುತ್ತಿತ್ತು. ಈಗಿನ ಹುಡುಗರಿಗೆ ದೊಡ್ಡರೋಗ ಅಂದರೆ ಏನೆಂದೇ ಗೊತ್ತಿಲ್ಲ, ಅದು ಒಳ್ಳೆಯದೇ. ಜ್ವರ, ಕಣ್ಣು ಮೂಗಿನಲ್ಲಿ ನೀರು, ಬಾಯೊಳಗೆ ಹುಣ್ಣು, ಆಮೇಲೆ ನಾರುವ ಭೇದಿ, ವಾರ ಹತ್ತು ದಿನದಲ್ಲಿ ದನ ನೆಲಕ್ಕೆ. ಸರ್ಕಾರಕ್ಕೆ ಗೊತ್ತಿರಲಿಲ್ಲ ಎಂದಲ್ಲ. 1869ರಲ್ಲಿ ಹ್ಯಾಲೆನ್ ಎಂಬ ಸೈನ್ಯದ ಪಶುವೈದ್ಯರ ಕೆಳಗೆ ಆಯೋಗ ಕೂತು 1871ರಲ್ಲಿ ದೊಡ್ಡ ವರದಿ ಕೊಟ್ಟಿತು. 1865ರಲ್ಲಿ ಇದೇ ರೋಗ ರಷ್ಯದ ಕಡೆಯಿಂದ ದನ ತುಂಬಿದ ಹಡಗಿನಲ್ಲಿ ಇಂಗ್ಲೆಂಡಿನ ಹಲ್ ಬಂದರಿಗೆ ಇಳಿದು, ಲಂಡನ್ನಿನ ಸಂತೆಗೆ ಹೋಗಿ, ಅಲ್ಲಿಂದ ಇಡೀ ದೇಶಕ್ಕೆ ಹರಡಿ ಲಕ್ಷಗಟ್ಟಲೆ ದನ ಸತ್ತಿದ್ದವು. ಆಗ ಅವರು ಮರುವರ್ಷವೇ ಕಾಯ್ದೆ ಮಾಡಿ, ರೋಗದ ದನ ಕೊಂದು, ಪರಿಹಾರ ಕೊಟ್ಟು, ಎರಡೇ ವರ್ಷದಲ್ಲಿ ರೋಗ ಮುಗಿಸಿದರು. ತಮ್ಮ ಮನೆಯಲ್ಲಿ ಎರಡು ವರ್ಷ. ನಮ್ಮಲ್ಲಿ ಅವರು ಹೋಗುವ ತನಕವೂ ಮುಗಿಯಲಿಲ್ಲ.

ನಮ್ಮ ಜಿಲ್ಲೆಯ ಕಥೆ ಇನ್ನೂ ವಿಚಿತ್ರ. 1866ರಲ್ಲಿ ಮದ್ರಾಸ್ ಸರ್ಕಾರ ತನ್ನ ಪ್ರಾಂತ್ಯಕ್ಕೆ ದನಗಳ ರೋಗದ ಕಾಯ್ದೆ ಮಾಡಿತು. ನಾವು ಅದಕ್ಕೆ ನಾಲ್ಕು ವರ್ಷ ಮುಂಚೆ, 1862ರಲ್ಲಿ, ಮದ್ರಾಸ್ ಬಿಟ್ಟು ಬೊಂಬಾಯಿಗೆ ಸೇರಿದ್ದೆವು. ಯಾಕೆ ಸೇರಿಸಿದರು? ಧಾರವಾಡದ ಹತ್ತಿಗೆ ಕಾರವಾರದಲ್ಲಿ ಬಂದರು ಬೇಕು ಅಂತ ಮ್ಯಾಂಚೆಸ್ಟರ್ ಗಿರಣಿಯವರು ಒತ್ತಾಯಿಸಿದ್ದರಿಂದ. ಹೀಗಾಗಿ ಬೈಂದೂರಿನ ದನಕ್ಕೆ ಒಂದು ಕಾಯ್ದೆ ಇತ್ತು, ಭಟ್ಕಳದ ದನಕ್ಕೆ ಅದು ಇರಲಿಲ್ಲ. ಬೊಂಬಾಯಿ ಪ್ರಾಂತ್ಯದ ಪ್ರಾಣಿ ರೋಗಗಳ ಕಾಯ್ದೆ ಬಂದಿದ್ದು 1948ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ. ಮದ್ರಾಸಿನ ಕಾಯ್ದೆಯಿಂದ ಬೈಂದೂರಿನವರಿಗೆ ಏನು ಮಹಾ ಉಪಕಾರ ಆಯಿತು ಅಂತ ಕೇಳಬೇಡಿ, ನಾನು ಹೇಳುತ್ತಿರುವುದು ಗಡಿಯ ವಿಷಯ. ಹತ್ತಿಗಾಗಿ ರಸ್ತೆ ಮಾಡಿದರು. ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದು ಈ ಕಡೆ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಕಡೆ, ಋತುವಿನಲ್ಲಿ ಎತ್ತಿನ ಗಾಡಿಗಳ ಸಾಲು. ಬಯಲುಸೀಮೆಯ ಎತ್ತು, ಮಲೆನಾಡಿನ ಎತ್ತು, ಕರಾವಳಿಯ ಗಿಡ್ಡ ದನ, ಎಲ್ಲವೂ ಅದೇ ಹಳ್ಳದ ನೀರು ಕುಡಿದು ಅದೇ ಬಯಲಲ್ಲಿ ರಾತ್ರಿ ಕಳೆಯುತ್ತಿದ್ದವು. ರೋಗಕ್ಕೆ ಇದಕ್ಕಿಂತ ಸಲೀಸು ದಾರಿ ಬೇಕೆ? ರಸ್ತೆ ಮಾಡಿದವರಿಗೆ ಹತ್ತಿ ಮೂಟೆಯ ಲೆಕ್ಕ ಇತ್ತು, ಗಾಡಿ ಎಳೆಯುವ ಎತ್ತಿನ ಆರೋಗ್ಯದ ಲೆಕ್ಕ ಇರಲಿಲ್ಲ.

ಹೊರಗೆ ಹೋಗುವ ಹಡಗಿನ ಕಥೆಯೂ ಅಷ್ಟೇ. 1887ರ ಸುಮಾರಿಗೆ ಇಟಲಿಯ ಸೈನ್ಯ ಆಫ್ರಿಕಾದ ಮಸಾವಾ ಬಂದರಿಗೆ ದನ ತರಿಸಿತು. ಅವು ಹಿಂದೂಸ್ತಾನದಿಂದ ಹೋದವು ಎಂದೇ ಹೆಚ್ಚಿನ ಇತಿಹಾಸಕಾರರು ಹೇಳುತ್ತಾರೆ. ಅವುಗಳ ಜೊತೆ ದೊಡ್ಡರೋಗ ಇಳಿಯಿತು. ಹತ್ತು ವರ್ಷದೊಳಗೆ ಇಥಿಯೋಪಿಯಾದಿಂದ ದಕ್ಷಿಣದ ಕೇಪ್ ತನಕ ದನಗಳಲ್ಲಿ ಬಹುಪಾಲು ಸತ್ತವು. ದನ ಕಾಯ್ದು ಬದುಕುತ್ತಿದ್ದ ಜನ ಹಸಿವಿನಿಂದ ಸತ್ತರು. ಕೇಪ್ ಸರ್ಕಾರ ಮುಳ್ಳುತಂತಿಯ ಉದ್ದನೆಯ ಬೇಲಿ ಹಾಕಿತು, ರೋಗ ದಾಟಿ ಬಂತು. ಜರ್ಮನಿಯ ರೋಗಾಣು ವಿಜ್ಞಾನಿ ರಾಬರ್ಟ್ ಕಾಕ್ ಅವರನ್ನು ಕರೆಸಿದರು. ಅವರು ಸತ್ತ ದನದ ಪಿತ್ತರಸದಿಂದ ಚುಚ್ಚುಮದ್ದು ಮಾಡಿ, ಆ ಕೆಲಸ ಮುಗಿಯುವ ಮುಂಚೆಯೇ 1897ರಲ್ಲಿ ಬೊಂಬಾಯಿಯ ಪ್ಲೇಗ್ ನೋಡಲು ಹಡಗು ಹತ್ತಿದರು. 1907ರಲ್ಲಿ ನಮ್ಮಿಂದ ಹೋದ ಒಂಟೆಗಳಲ್ಲಿ ನೊಣ ಕಚ್ಚಿ ಹರಡುವ ಸುರ್ರಾ ರೋಗ ಇರುವುದು ಆಸ್ಟ್ರೇಲಿಯಾದ ಪೋರ್ಟ್ ಹೆಡ್‌ಲ್ಯಾಂಡ್‌ನಲ್ಲಿ ಪತ್ತೆಯಾದಾಗ ಅವರು ತಡ ಮಾಡದೆ ಕೊಂದು ಮುಗಿಸಿದರು. ಅವರ ದೇಶಕ್ಕೆ ಆ ರೋಗ ಸೇರಲೇ ಇಲ್ಲ.

ಇದನ್ನೆಲ್ಲ ನೋಡಿದಾಗ ನನಗೆ ಘಟ್ಟದ ಮೇಲಿನ ಹಳೆಯ ಪದ್ಧತಿ ನೆನಪಾಗುತ್ತದೆ. ಊರಿಗೆ ಬೇನೆ ಬಂದರೆ ಮಾರಿಯನ್ನು ಪೂಜೆ ಮಾಡಿ ಊರ ಗಡಿ ದಾಟಿಸಿ ಬರುವುದು. ಗಡಿಯ ಆಚೆಯವರು ಅದನ್ನು ಮುಂದಿನ ಊರಿಗೆ ದಾಟಿಸುವುದು. ಸರ್ಕಾರಗಳು ಸೀಲು ಠಸ್ಸೆ ಹಾಕಿ ಮಾಡಿದ್ದೂ ಅದನ್ನೇ.

ದೊಡ್ಡರೋಗ ಹೋಗಿದ್ದು ಬಂದರಿನ ಪೊಲೀಸರಿಂದಲ್ಲ. ಪುಣೆಯಲ್ಲಿ 1889ರಲ್ಲಿ ಶುರುವಾದ ಪ್ರಯೋಗಶಾಲೆ 1893ರಲ್ಲಿ ಕುಮಾವ್ ಬೆಟ್ಟದ ಮುಕ್ತೇಶ್ವರಕ್ಕೆ ಹೋಯಿತು. ಅಲ್ಲಿ 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬವರು ಮೇಕೆಯಿಂದ ಮೇಕೆಗೆ ದಾಟಿಸಿ ವೈರಸ್ಸಿನ ಬಲ ಕುಗ್ಗಿಸಿ ಲಸಿಕೆ ಮಾಡಿದರು. ಇದನ್ನು ಬ್ರಿಟಿಷರ ಲೆಕ್ಕಕ್ಕೆ ಧಾರಾಳವಾಗಿ ಬರೆಯೋಣ. ಆದರೆ ಆ ಲಸಿಕೆ ಹಳ್ಳಿ ಹಳ್ಳಿಗೆ ಹೋಗಿದ್ದು 1954ರ ರಾಷ್ಟ್ರೀಯ ಕಾರ್ಯಕ್ರಮ ಶುರುವಾದ ಮೇಲೆ. ಸೈಕಲ್ಲಿನಲ್ಲಿ, ಐಸಿನ ಡಬ್ಬಿ ಕಟ್ಟಿಕೊಂಡು ಓಡಾಡಿದ ಸಣ್ಣ ಸಂಬಳದ ಕಂಪೌಂಡರುಗಳಿಂದ. ನಮ್ಮ ದೇಶದ ಕೊನೆಯ ಪ್ರಕರಣ 1995ರಲ್ಲಿ. 2011ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು ಎಂದು ಘೋಷಿಸಿದರು. ಸಿಡುಬು ಬಿಟ್ಟರೆ ಭೂಮಿಯಿಂದ ಪೂರ್ತಿ ಅಳಿಸಿಹೋದ ರೋಗ ಇದೊಂದೇ. ಈ ಕಂಪೌಂಡರುಗಳಿಗೆ ಯಾವ ಊರಲ್ಲೂ ಒಂದು ಸನ್ಮಾನ ಆದದ್ದನ್ನು ನಾನು ನೋಡಿಲ್ಲ.

ಈಗ ನಮ್ಮ ರಸ್ತೆಗೆ ಬನ್ನಿ. ಅದೇ ಅರಬೈಲ್, ಅದೇ ದೇವಿಮನೆ. ಎತ್ತಿನ ಗಾಡಿಯ ಬದಲು ಲಾರಿ. ಕರಾವಳಿಯಲ್ಲಿ ಕುರಿ ಸಾಕುವವರು ಇಲ್ಲ, ತಿನ್ನುವವರು ಬಹಳ, ಹಾಗಾಗಿ ಹಾವೇರಿ, ಬಾಗಲಕೋಟೆ ಕಡೆಯಿಂದ ಎರಡು ಅಂತಸ್ತಿನ ಲಾರಿಗಳಲ್ಲಿ ಕುರಿ ಮೇಕೆ ಘಟ್ಟ ಇಳಿಯುತ್ತವೆ. ಅದರಲ್ಲಿ ತಪ್ಪೇನಿಲ್ಲ. ನಾನೂ ತಿನ್ನುತ್ತೇನೆ. ಆದರೆ ಘಟ್ಟ ಇಳಿದ ಮೇಲೆ ಸುಂಕಸಾಳ, ರಾಮನಗುಳಿ ಆಸುಪಾಸಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ನಿಂತು ನೋಡಿ. ಕುರಿ ಇಳಿಸಿ ವಾಪಸ್ ಹೊರಟ ಲಾರಿಯವನು ಹಳ್ಳದ ಪಕ್ಕ ಗಾಡಿ ನಿಲ್ಲಿಸುತ್ತಾನೆ. ಹಿಂದಿನ ಹಲಗೆ ತೆಗೆಯುತ್ತಾನೆ. ಕ್ಲೀನರ್ ಹುಡುಗ ಬರಿಗಾಲಲ್ಲಿ ಮೇಲೆ ಹತ್ತಿ ಹಿಕ್ಕೆ, ಉಚ್ಚೆಯಲ್ಲಿ ನೆನೆದ ಹುಲ್ಲು, ಉದುರಿದ ಕೂದಲು, ಎಲ್ಲ ಬಳಿದು ರಸ್ತೆ ಬದಿಗೆ ತಳ್ಳುತ್ತಾನೆ. ಆಮೇಲೆ ಬಕೆಟ್ಟಿನಲ್ಲಿ ಹಳ್ಳದ ನೀರು ಎತ್ತಿ ಎತ್ತಿ ಹೊಡೆಯುತ್ತಾನೆ. ಆ ನೀರು ಮತ್ತೆ ಹಳ್ಳಕ್ಕೇ. ಹತ್ತು ಗಂಟೆಗೆ ಊರಿನ ದನ, ಆಡು ಅಲ್ಲಿಗೇ ಮೇಯಲು ಬರುತ್ತವೆ. ಆ ಹುಲ್ಲಿನಲ್ಲಿ ಇನ್ನೂ ಜೋಳದ ದಂಟಿನ ವಾಸನೆ ಇರುತ್ತದೆ, ಕರಾವಳಿಯ ದನಕ್ಕೆ ಅದು ಹಬ್ಬದೂಟ. ನಮ್ಮ ಆಡು ಮೊದಲು ಬಾಯಿ ಹಾಕುವುದೇ ಅದಕ್ಕೆ. ಆ ಹುಡುಗನನ್ನು ಬೈದು ಏನು ಪ್ರಯೋಜನ? ಅವನಿಗೆ ಲಾರಿ ತೊಳೆಯಲು ಬೇರೆ ಜಾಗ ಎಲ್ಲಿದೆ?

ಆಡು ಕುರಿಗಳ ಪ್ಲೇಗ್ ಎನ್ನುವ ಪಿಪಿಆರ್ ರೋಗ ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. 2030ರೊಳಗೆ ಜಗತ್ತಿನಿಂದಲೇ ಓಡಿಸಬೇಕು ಎಂದು ಗುರಿ ಇಟ್ಟಿದ್ದಾರೆ. ಅದು ದೊಡ್ಡರೋಗದ ವೈರಸ್ಸಿನ ಹತ್ತಿರದ ಸಂಬಂಧಿ. ಮೂಗಿನ ಸಿಂಬಳ, ಹಿಕ್ಕೆ, ಎಲ್ಲದರಲ್ಲೂ ಹೋಗುತ್ತದೆ. ಕಾಲುಬಾಯಿ ವೈರಸ್ಸಂತೂ ಲಾರಿಯ ಹಲಗೆಗೂ, ಟೈರಿಗೂ, ಚಪ್ಪಲಿಗೂ ಅಂಟಿಕೊಂಡು ಬರುತ್ತದೆ. 2009ರ ಕೇಂದ್ರ ಕಾಯ್ದೆಯಲ್ಲಿ ಪ್ರಾಣಿ ಸಾಗಿಸುವ ವಾಹನವನ್ನು ಸಾಗಿಸುವ ಮುಂಚೆ ಮತ್ತು ಆದ ಮೇಲೆ ತೊಳೆದು ಶುದ್ಧ ಮಾಡಬೇಕು ಎಂದಿದೆ. ಚೆಕ್‌ಪೋಸ್ಟಿನ ಅವಕಾಶವೂ ಇದೆ. ಚೆಕ್‌ಪೋಸ್ಟಿನಲ್ಲಿ ಕೇಳುವುದು ಕಾಗದ. ಕಾಗದ ಸರಿ ಇದ್ದರೆ ಮುಂದೆ ಹೋಗು. 1898ರಲ್ಲಿ ಸಗಣಿಯ ಹೆಸರು ಹಿಡಿದು ಬರೆದ ಕಾಯ್ದೆ ಇದ್ದ ದೇಶದಲ್ಲಿ ಇವತ್ತು ಅದೇ ಸಗಣಿ ಹಳ್ಳದಲ್ಲಿ ತೇಲಿ ಗಂಗಾವಳಿ ಹೊಳೆ ಸೇರುತ್ತಿದೆ.

ಒಂದು ಸಣ್ಣ ವಿಷಯ. ಆ 1898ರ ಕಾಯ್ದೆ ಇನ್ನೂ ಜಾರಿಯಲ್ಲಿದೆ. 2001ರಲ್ಲಿ ತಿದ್ದಿದರು. 2023ರಲ್ಲಿ ಅದನ್ನು ತೆಗೆದು ಆಮದು ರಫ್ತು ಎರಡಕ್ಕೂ ಹೊಸ ಮಸೂದೆಯ ಕರಡು ಹೊರಬಂತು, ಜೀವಂತ ಪ್ರಾಣಿಗಳನ್ನು ಹೊರದೇಶಕ್ಕೆ ಕಳಿಸುವುದಕ್ಕೆ ವಿರೋಧ ಬಂದು ಕೆಲವೇ ದಿನದಲ್ಲಿ ಹಿಂದಕ್ಕೆ ತೆಗೆದುಕೊಂಡರು. ಅತ್ತ ಆಸ್ಟ್ರೇಲಿಯಾ ಕುರಿಗಳನ್ನು ಹಡಗಿನಲ್ಲಿ ಜೀವಂತ ಕಳಿಸುವುದನ್ನು 2028ರ ಮೇ 1ರಿಂದ ನಿಲ್ಲಿಸಲು ಕಾಯ್ದೆ ಮಾಡಿದೆ. 2003ರಲ್ಲಿ ಅವರ ಒಂದು ಹಡಗಿನ 57 ಸಾವಿರದಷ್ಟು ಕುರಿಗಳನ್ನು ಬಾಯಿಹುಣ್ಣಿನ ರೋಗ ಇದೆ ಅಂತ ಸೌದಿಯವರು ಇಳಿಸಿಕೊಳ್ಳಲಿಲ್ಲ. ವಾರಗಟ್ಟಲೆ ಸಮುದ್ರದಲ್ಲೇ ಸುತ್ತಿ, ಸಾವಿರಾರು ಸತ್ತು, ಉಳಿದವನ್ನು ಕೊನೆಗೆ ಎರಿಟ್ರಿಯಾ ಇಳಿಸಿಕೊಂಡಿತು. ಮಸಾವಾ ಇರುವ ಅದೇ ಎರಿಟ್ರಿಯಾ. ನಮ್ಮಲ್ಲಿ ಮುಂದೆ ಯಾವ ಸರ್ಕಾರ ಹೊಸ ಮಸೂದೆ ತಂದರೂ ಹಳೆಯದರ ಆ ಮೇವು ಸಗಣಿಯ ಸಾಲನ್ನು ಬಿಡಬಾರದು, ಮತ್ತು ಅದನ್ನು ಜಿಲ್ಲೆಯಿಂದ ಜಿಲ್ಲೆಗೆ ಹೋಗುವ ಲಾರಿಗೂ ಹಚ್ಚಬೇಕು.

ಕೊನೆಯದು, ನನಗೆ ಮುಖ್ಯವಾದದ್ದು. ಕತ್ತರಿ ಬೇಡ ಎಂದದ್ದು ಇದಕ್ಕೇ.

2022ರಲ್ಲಿ ಚರ್ಮಗಂಟು ಬಂದಾಗ ನಮ್ಮ ಕಡೆ ಒಬ್ಬರ ಹಸುವಿನ ಮೈಮೇಲೆ ಗಂಟು ಕಂಡಿತು. ಅವರು ಅದಕ್ಕೆ ಗೋಣಿ ಹೊದಿಸಿ ಒಳಗಿನ ಕೊಟ್ಟಿಗೆಯಲ್ಲಿ ಕಟ್ಟಿದರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಡೈರಿಯಲ್ಲಿ ಹಾಲು ಬೇಡ ಅಂದಾರು, ಊರವರು ಬೇಣಕ್ಕೆ (ಹುಲ್ಲುಗಾವಲಿಗೆ) ದನ ಬಿಡಬೇಡ ಅಂದಾರು ಎಂಬ ಹೆದರಿಕೆ. ನೊಣ ಸೊಳ್ಳೆಗೆ ಗೋಣಿ ಅಡ್ಡ ಬರುತ್ತದೆಯೇ? ಎರಡು ವಾರದಲ್ಲಿ ಆ ಕೇರಿಯಲ್ಲಿ ಇನ್ನೂ ಐದಾರು ಮನೆಗೆ ಬಂತು. ಅವರನ್ನು ದೂರುವ ಮನಸ್ಸು ನನಗಿಲ್ಲ. ಆ ವರ್ಷ ಸರ್ಕಾರ ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ಪರಿಹಾರ ಎಂದಿತು. ಒಳ್ಳೆಯದೇ. ಆದರೆ ಅದು ಸತ್ತ ಮೇಲೆ. ರೋಗ ಬಂದ ಮೊದಲ ದಿನ ಬಂದು ಹೇಳಿದವನಿಗೆ, ದನ ಬೇರೆ ಕಟ್ಟಿ ಹಾಲು ನಿಲ್ಲಿಸಿ ಮೂರು ವಾರ ಕೂತವನಿಗೆ, ಒಂದು ರೂಪಾಯಿ ಇಲ್ಲ. ಸುಮ್ಮನಿದ್ದವನಿಗೆ ದನ ಬದುಕಿದರೆ ಹಾಲಿನ ದುಡ್ಡು, ಸತ್ತರೆ ಪರಿಹಾರ. ಬಾಯಿ ಬಿಟ್ಟವನಿಗೆ ಬರೀ ನಷ್ಟ. ಹೀಗಿದ್ದರೆ ಯಾರು ಹೇಳುತ್ತಾರೆ?

ನ್ಯೂ ಸೌತ್ ವೇಲ್ಸ್‌ನ ಕುರಿಯವರು ತಮ್ಮ ತಮ್ಮಲ್ಲೇ ಪಟ್ಟಿ ಹಾಕಿ ನಿಧಿ ಮಾಡಿದ್ದರಲ್ಲ, ಅದು ನಮ್ಮ ಹಾಲಿನ ಸೊಸೈಟಿಗಳಿಗೆ ಕಷ್ಟದ ಕೆಲಸವಲ್ಲ. ಲೀಟರಿಗೆ ಐದು ಪೈಸೆ ಹಿಡಿದರೆ ಯಾರಿಗೂ ತಿಳಿಯುವುದಿಲ್ಲ. ರೋಗ ಮೊದಲು ತಿಳಿಸಿದ ಮನೆಗೆ, ಡಾಕ್ಟರು ಬಂದು ಹೌದು ಎಂದು ಬರೆದುಕೊಟ್ಟ ದಿನದಿಂದ, ಹಾಲು ನಿಂತ ಅಷ್ಟೂ ದಿನದ ಸರಾಸರಿ ಹಾಲಿನ ದುಡ್ಡು ಆ ನಿಧಿಯಿಂದ ಕೊಡಲಿ. ದನದ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಹೇಗೂ ಇದೆ, ಯಾರ ದನ, ಎಷ್ಟು ಹಾಲು ಎಂದು ಸುಳ್ಳು ಹೇಳಲು ಆಗುವುದಿಲ್ಲ. ಬಾಲ ತೋರಿಸಿ ದುಡ್ಡು ಹೊಡೆಯುವ ಕಾಲ ಅಲ್ಲ ಇದು. ಜೊತೆಗೆ ಅರಬೈಲ್ ಮತ್ತು ದೇವಿಮನೆ ಎರಡೂ ಘಟ್ಟದ ಬುಡದಲ್ಲಿ ಲಾರಿ ತೊಳೆಯಲು ಒಂದೊಂದು ಕಟ್ಟೆ, ಬೋರ್‌ವೆಲ್ ನೀರು, ಹಿಕ್ಕೆ ತುಂಬಲು ಒಂದು ಗುಂಡಿ, ಮೇಲೆ ಹಾಕಲು ಸುಣ್ಣ, ನೋಡಿಕೊಳ್ಳಲು ಒಬ್ಬ ಮನುಷ್ಯ. ಗೊಬ್ಬರ ಕೊಳೆತ ಮೇಲೆ ಅಡಿಕೆ ತೋಟದವರು ದುಡ್ಡು ಕೊಟ್ಟು ಒಯ್ಯುತ್ತಾರೆ, ಆ ಮನುಷ್ಯನ ಸಂಬಳದಲ್ಲಿ ಒಂದು ಪಾಲು ಅದರಲ್ಲೇ ಬಂದೀತು. ಮುಂದಿನ ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ) ಸಭೆಯಲ್ಲಿ ನಮ್ಮ ಶಾಸಕರು ಈ ಎರಡನ್ನು ಎತ್ತಬೇಕು ಎಂದು ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ. ಕಾಲುಬಾಯಿ ಲಸಿಕೆಯ ಮುಂದಿನ ಸುತ್ತು ಶುರುವಾಗುವ ಮುಂಚೆ ಆದರೆ ಒಳ್ಳೆಯದು, ಆಗ ಲಸಿಕೆ ಹಾಕಲು ಬಂದವರೇ ಮನೆ ಮನೆಗೆ ಈ ನಿಧಿಯ ವಿಷಯ ಹೇಳಿ ಹೋಗಬಹುದು.

ಇತಿ,
ಹಾಲು ಹಾಕುವವನೊಬ್ಬ
ಅಂಕೋಲಾ ತಾಲ್ಲೂಕು, ಉತ್ತರ ಕನ್ನಡ